ಮಾಳದ ವಹಿವಾಟ

ಬೇಡಕಿಹಾಳದ ಹೊರಗೆ ತೋಟದಲ್ಲಿ ಮನೆ ಕಟ್ಟಿಕೊಂಡಿದ್ದ ಮಗದುಮ್ಮರು ಸಂಜೆಯ ಊಟಕ್ಕೆ ಗಡಿಯಾರ ನೋಡುತ್ತಿರಲಿಲ್ಲ, ಸೂರ್ಯನನ್ನು ನೋಡುತ್ತಿದ್ದರು. ಹೊತ್ತು ಮುಳುಗುವುದರೊಳಗೆ ಉಂಡು ಗಂಗಾಳ ತೊಳೆದಿಡಬೇಕು, ಆಮೇಲೆ ನೀರು ಕೂಡ ಇಲ್ಲ. ಜೈನರ ಮನೆಯ ಈ ನೇಮವನ್ನು ಮೊದಲು ಮುರಿದವನು ಹಿರಿಯ ಮಗ ಜಿನೇಂದ್ರ. ಸಕ್ಕರೆ ಕಾರ್ಖಾನೆಯ ಚುನಾವಣೆಗೆ ಓಡಾಡತೊಡಗಿದ ಮೇಲೆ ಅವನ ಊಟ ಒಂಬತ್ತಕ್ಕೆ ಬಂದು ನಿಂತಿತು. ಅಪ್ಪನ ಹಿಂದೆ ಮಗ ನಿಖಿಲ ಬಿಟ್ಟ, ಗಂಡ ಮಗ ಇಬ್ಬರಿಗೂ ಬಡಿಸಬೇಕೆಂದು ತ್ರಿಶಲಾ ಬಿಟ್ಟಳು. ಉಳಿದವರು ಎರಡೇ ಜನ: ಎಪ್ಪತ್ತೊಂಬತ್ತರ ಅಜ್ಜ ತಾತ್ಯಾಸಾಹೇಬರು ಮತ್ತು ನಿಖಿಲನ ಹೆಂಡತಿ ಮೇಘಾ.

ಅಜ್ಜನದು ಹುಟ್ಟಿನಿಂದ ಬಂದ ನೇಮ. ಮೇಘಾಳ ಭಕ್ತಿ ಅಷ್ಟು ದೊಡ್ಡದೇನಲ್ಲ. ಬೇಗ ಉಂಡರೆ ಬೇಗ ಮಾಳಕ್ಕೆ ಹೋಗಬಹುದು, ಅಷ್ಟೇ.

ಮನೆಯ ಹಿಂದೆ ಹನ್ನೆರಡು ಎಕರೆ ಬಯಲು. ಕಲ್ಲು, ಮೊಣಕಾಲುದ್ದದ ಹುಲ್ಲು, ನಡುವೆ ಒಂದು ಬನ್ನಿ ಮರ. ಸುತ್ತ ಎತ್ತ ನೋಡಿದರೂ ತಲೆ ಮೀರಿದ ಕಬ್ಬು. ಕಬ್ಬಿನ ನಾಡಿನಲ್ಲಿ ಹುಟ್ಟಿದವರಿಗೆ ದೂರ ಎಂಬುದು ಕಣ್ಣಿಗೆ ಬೀಳುವುದು ಇಂಥ ಎತ್ತರದ ಮಾಳದ ಮೇಲೆ ಮಾತ್ರ. ಕಾಗದದಲ್ಲಿ ಅದು ಮಗದುಮ್ಮರದು, ಕಾಲಲ್ಲಿ ಊರಿನದು. ಮುಂಜಾನೆ ಸೈನ್ಯದ ಭರ್ತಿಗೆ ತಯಾರಾಗುವವರು ಅಲ್ಲಿ ಓಡುತ್ತಿದ್ದರು, ಸಂಜೆಗೆ ಉಂಡ ಹೆಣ್ಣುಮಕ್ಕಳು ಸೆರಗು ಸಡಿಲ ಬಿಟ್ಟು ಅಡ್ಡಾಡುತ್ತಿದ್ದರು. ಅತ್ತೆಯನ್ನು ಬೈಯುವುದು, ಜೋರಾಗಿ ನಗುವುದು, ಸುಮ್ಮನೆ ಒಂದು ಕಲ್ಲಿನ ಮೇಲೆ ಕೂಡುವುದು, ಇವಕ್ಕೆಲ್ಲ ಊರಿನಲ್ಲಿ ಬೇರೆ ಜಾಗವೇ ಇರಲಿಲ್ಲ.

ಮೇಘಾಳಿಗೆ ಅಲ್ಲಿ ಒಂದು ಕೆಲಸವೂ ಇತ್ತು. ಪಂಚಾಯತಿಯಲ್ಲಿ ನೀರು ಬಿಡುವ ರಾಜಾರಾಮನ ಮಗಳು ಸರಿತಾ ಪೊಲೀಸ್ ಭರ್ತಿಗೆ ತಯಾರಿ ನಡೆಸಿದ್ದಳು. ಬನ್ನಿ ಮರದಿಂದ ಬಿಳಿ ಕಲ್ಲಿನವರೆಗೆ ಎರಡು ಸುತ್ತು ಹಾಕಿದರೆ ನಾನೂರು ಮೀಟರು. ಮೇಘಾ ಫೋನಿನಲ್ಲಿ ಸೆಕೆಂಡು ಎಣಿಸುತ್ತಿದ್ದಳು.

"ಎಷ್ಟಾತ್ರಿ ವೈನಿ?"

"ನಿನ್ನಿಗಿಂತ ಎರಡ ಸೆಕೆಂಡ ಕಮ್ಮಿ. ಹಿಂಗ ಓಡಿದ್ರ ಕಳ್ಳರ ತಾವ ಬಂದ ಕೈಗೆ ಸಿಗ್ತಾರ."

ಸರಿತಾ ಸೊಂಟಕ್ಕೆ ಕೈಯಿಟ್ಟು ಏದುಸಿರು ಬಿಡುತ್ತ ನಗುತ್ತಿದ್ದಳು. ಹಾರೂಗೇರಿಯಿಂದ ಮದುವೆಯಾಗಿ ಬಂದು ನಾಲ್ಕು ವರ್ಷ, ಮೇಘಾಳಿಗೆ ತನ್ನದೆಂದು ಅನಿಸಿದ್ದು ಆ ಒಂದು ತಾಸು ಮಾತ್ರ.

ದೀಪಾವಳಿ ಮುಗಿದ ವಾರ ಒಂದು ಟೆಂಪೋ ಬಂದು ಅಂಗಳದಲ್ಲಿ ಮುಳ್ಳುತಂತಿಯ ಸುರುಳಿಗಳನ್ನು ಉರುಳಿಸಿತು. ಅಜ್ಜ ಅದೇ ಆಗ ಉಣ್ಣಲು ಕೂತಿದ್ದರು. ಕಣ್ಣಿಗೆ ಪೊರೆ ಬಂದಿತ್ತು, ಸಪ್ಪಳ ಮಾತ್ರ ಕೇಳಿಸಿತು.

"ಏನ್ ತಂದ್ಯೋ ಜಿನೇಂದ್ರಾ?"

"ತಂತಿ."

"ಕಬ್ಬಿಗೆ ಹಂದಿ ಬೀಳಾಕತ್ತಾವೇನು?"

"ಕಬ್ಬಿಗಲ್ಲ ಅಪ್ಪಾ, ಮಾಳಕ್ಕ."

ಅಜ್ಜನ ಕೈ ಗಂಗಾಳದಲ್ಲೇ ನಿಂತಿತು. "ಮಾಳಕ್ಕ ತಂತಿ ಹಾಕಿ ಏನ್ ಬೆಳೀತಿ? ಕಲ್ಲ ಬೆಳೀತಿ?"

ನಿಖಿಲ ಉತ್ಸಾಹದಿಂದ ಮುಂದೆ ಬಂದ. "ಮಂದೀನ ಬೆಳಿಯೂದು ಅಜ್ಜಾ. ಕೊಲ್ಲಾಪುರದಿಂದ, ಸಾಂಗಲಿಯಿಂದ ಬರ್ತಾರ. ಮಗ್ಗಲ ಹೊಲದಾಗ ಜ್ವಾಳ ಹೆಂಗೂ ಐತಿ. ಸೀತನಿ ಪಾರ್ಟಿ, ಎತ್ತಿನ ಗಾಡಿ, ಜೋಕಾಲಿ, ಸನ್‌ಸೆಟ್ ಪಾಯಿಂಟ್."

"ಹಂಗಂದ್ರ?"

"ಹೊತ್ತ ಮುಳುಗೂದು ನಿಂತ ನೋಡೂ ಜಾಗಾ."

"ಅದನ್ನ ನೋಡಾಕ ರೊಕ್ಕಾ ಕೊಡ್ತಾರ?"

"ತಲಿಗೆ ಆರನೂರು. ಅವರ ಊರಾಗ ಅದು ಕಾಣಂಗಿಲ್ಲ."

ಎಳೆ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ ತಿನ್ನುವ ಸೀತನಿಗೆ ಆ ಊರಿನಲ್ಲಿ ಯಾರೂ ಯಾರನ್ನೂ ದುಡ್ಡು ಕೇಳಿದ್ದಿಲ್ಲ. ಹಾದಿಯಲ್ಲಿ ಹೋಗುವವನನ್ನೂ ಕೂಗಿ ಕೂರಿಸಿ ತಿನ್ನಿಸುವುದು ರೂಢಿ. ಅಜ್ಜ ಅದನ್ನೇ ಹೇಳಹೊರಟರು, ಆದರೆ ಬಾಯಿಗೆ ಬಂದದ್ದು ಬೇರೆ.

"ಅದು ಊರಿಗೆ ಬಿಟ್ಟ ಮಾಳ ಜಿನೇಂದ್ರಾ. ನಮ್ಮಪ್ಪ ನಾಕ ಮಂದಿ ಮುಂದ ನಿಂತ ಅಂದಾನ, ಇದು ಮಂದೀ ಕಾಲಿಗೆ ಬಿಟ್ಟದ್ದು ಅಂತ."

"ಬಾಯಿಲೆ ಅಂದಾನ. ಉತಾರದಾಗ ಬರದಿಲ್ಲ. ಉತಾರ ನನ್ನ ಹೆಸರಿಲೆ ಐತಿ, ನೀನ ಸಹಿ ಮಾಡಿಕೊಟ್ಟಿ."

ಅದೂ ಖರೆ. ಎರಡು ವರ್ಷದ ಹಿಂದೆ ಲಕ್ವಾ ಹೊಡೆದು ಮಲಗಿದ್ದಾಗ ಅಜ್ಜ ಎಲ್ಲಾ ಜಮೀನಿನ ಉತಾರವನ್ನೂ, ಅಂದರೆ ಪಹಣಿಯನ್ನೂ, ಮಗನ ಹೆಸರಿಗೆ ಮಾಡಿದ್ದರು. ಲಕ್ವಾ ಹೋಯಿತು, ಜಮೀನೂ ಹೋಯಿತು. ಈಗ ಎಡಗಾಲು ಎಳೆಯುತ್ತ ಮಾಳದಲ್ಲಿ ನಡೆದಾಡುವುದೇ ಅವರ ಔಷಧ.

ಮರುದಿನ ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಅಜ್ಜ ಮೇಘಾಳನ್ನು ಕರೆದರು. "ಪೆನ್ನು ಹಾಳಿ ತಗೊಂಡ ಬಾರವಾ."

ಈ ಸೀಮೆಯ ಹಿರಿಯರ ಪಾಡು ಇದು: ಆಡುವುದು ಕನ್ನಡ, ಓದಿದ್ದು ಮರಾಠಿ ಸಾಲೆಯಲ್ಲಿ. ಸರಕಾರಿ ಕಾಗದ ಕನ್ನಡದಲ್ಲಿ ಬಂದರೆ ಮನೆಯಲ್ಲಿ ಯಾರಾದರೂ ಕನ್ನಡ ಸಾಲೆ ಕಲಿತವರು ಬೇಕು. ಮಗದುಮ್ಮರಲ್ಲಿ ಅಂಥವಳು ಸೊಸೆ ಒಬ್ಬಳೇ. ಪಡಿತರ ಚೀಟಿಯಿಂದ ಹಿಡಿದು ಕಾರ್ಖಾನೆಯ ನೋಟೀಸಿನವರೆಗೆ ಎಲ್ಲವನ್ನೂ ಓದಿ ಹೇಳುವವಳು, ಬರೆಯುವವಳು ಅವಳು.

"ಬರಿ. ಸಾಹೇಬರಿಗೆ ನಮಸ್ಕಾರ. ಬೇಡಕಿಹಾಳದ ಮಗದುಮ್ಮರ ಮಾಳದ ಮ್ಯಾಲ ಊರ ಮಂದೀದು ಅರವತ್ತ ವರ್ಷದಿಂದ ವಹಿವಾಟ ಐತಿ. ಅದನ್ನ ಬಂದ ಮಾಡಬಾರದು."

ಮೇಘಾ ಬರೆದಳು. ವಹಿವಾಟ ಎಂಬಲ್ಲಿ ಪೆನ್ನು ಅನುಮಾನಿಸಲಿಲ್ಲ. ಗಡಿಯ ಈಚೆ ಆಚೆ ಎಲ್ಲರೂ ಹಾಗೇ ಅನ್ನುತ್ತಾರೆ. ಹೊಲದ ಬದುವಿನ ಮೇಲೆ ನಡೆದು ರೂಢಿ ಬಿದ್ದ ಹಾದಿಯಿದ್ದರೆ ಅಲ್ಲಿ ನಮ್ಮ ವಹಿವಾಟ ಐತಿ ಅಂತಲೇ ಜಗಳ ಶುರುವಾಗುವುದು. ಮರಾಠಿಯಿಂದ ಬಂದ ಮಾತು, ಬಳಸುತ್ತ ಬಂದ ಹಕ್ಕು ಎಂದು ಅರ್ಥ. ಅಜ್ಜ ಕೆಳಗೆ ತಡವರಿಸುತ್ತ ಮರಾಠಿಯಲ್ಲಿ ಸಹಿ ಮಾಡಿದರು. ರಾಜಾರಾಮ ಅದನ್ನು ತಾಲೂಕು ಕಚೇರಿಗೆ ಮುಟ್ಟಿಸಿ ಬಂದ.

ಸಣ್ಣ ಊರಿನಲ್ಲಿ ಅರ್ಜಿಯ ಸುದ್ದಿ ಅರ್ಜಿಗಿಂತ ಬೇಗ ನಡೆಯುತ್ತದೆ. ನಾಲ್ಕನೆಯ ದಿನ ಜಿನೇಂದ್ರ ಅಪ್ಪನ ಎದುರಿಗೆ ಬಂದು ನಿಂತ. "ಹೆತ್ತ ಮಗನ ಮ್ಯಾಲ ಅರ್ಜಿ ಕೊಟ್ಟೀಯಲ್ಲ, ಹೊಟ್ಟಿಗೆ ಅನ್ನಾ ತಿಂತೀಯೋ ಏನ್ ತಿಂತಿ?"

"ನಿನ್ನ ಮ್ಯಾಲ ಅಲ್ಲೋ. ತಂತಿ ಮ್ಯಾಲ."

ಜಿನೇಂದ್ರ ಕೈ ಎತ್ತಲಿಲ್ಲ, ಕೂಗಾಡಲಿಲ್ಲ. ಹೆಂಡತಿಯ ಕಡೆಗೆ ತಿರುಗಿ ನೋಡಿದ, ಅಷ್ಟೇ. ತ್ರಿಶಲಾ ಜಾಣೆ. ಮಾವನನ್ನು ಉಪವಾಸ ಕೆಡವಿದರೆ ನಾಲ್ಕು ಮಂದಿ ಬಾಯಿಗೆ ಬಂದಂತೆ ಅಂದಾರು. ಅಡಿಗೆ ತಡವಾದರೆ ಯಾರೇನು ಅಂದಾರು?

ಅಂದಿನಿಂದ ಒಲೆ ಹೊತ್ತುವುದು ತಡವಾಯಿತು. ಒಂದು ದಿನ ಗ್ಯಾಸ್ ತೀರಿತು, ಒಂದು ದಿನ ಹಿಟ್ಟು ಬೀಸಿ ಬಂದಿರಲಿಲ್ಲ. ಒಂದು ದಿನ ಮೇಘಾ ರೊಟ್ಟಿ ಬಡಿಯಲು ಕೂತಾಗಲೇ, "ಮೊದಲ ಆಕಳಾ ಹಿಂಡಿ ಬಾ," ಎಂದು ಎಬ್ಬಿಸಿದಳು. ಗಂಗಾಳ ಅಜ್ಜನ ಮುಂದೆ ಬರುವಾಗ ಹೊತ್ತು ಮುಳುಗಿ ಹತ್ತು ನಿಮಿಷವಾಗಿರುತ್ತಿತ್ತು. ಬಿಸಿ ರೊಟ್ಟಿ, ಎಣ್ಣೆಗಾಯಿ, ಮೇಲೆ ಒಂದು ಮಿಳ್ಳಿ ತುಪ್ಪ. ತುಪ್ಪಕ್ಕೆ ಮಾತ್ರ ತ್ರಿಶಲಾ ಎಂದೂ ಜಿಪುಣತನ ಮಾಡಲಿಲ್ಲ.

"ಉಣ್ಣ್ರಿ ಮಾವಾರ."

"ಹೊತ್ತ ಮುಳಗೇತೇನವಾ?"

"ಈಗರ ಮುಳಗ್ತ್ರಿ. ಒಂದ ದಿನಾ ಉಂಡ್ರ ಏನಾಗ್ತೈತಿ? ನಿಮ್ಮ ಮಗಾ ದಿನಾ ಉಣ್ತಾರ, ಅವರಿಗೇನ್ ಹುಳಾ ಬಿದ್ದಾವು?"

ಅಜ್ಜ ಕೈ ಮುಗಿದು ಗಂಗಾಳವನ್ನು ಹಿಂದಕ್ಕೆ ಸರಿಸುತ್ತಿದ್ದರು. ಮೇಘಾ ನಾಲ್ಕು ಗಂಟೆಗೇ ಕದ್ದು ಒಂದು ಹಿಡಿ ಅವಲಕ್ಕಿ ಕೊಡತೊಡಗಿದಳು. ಎರಡನೆಯ ವಾರ ತ್ರಿಶಲಾಳ ಕೈಗೆ ಸಿಕ್ಕಿಬಿದ್ದಳು.

"ಉಂಡ ಮನಿಗೆ ಎರಡ ಬಗ್ಯಾಕಿ! ಅರ್ಜೀದಾಗಿನ ಅಕ್ಷರ ಯಾರವು ಅಂತ ಗೊತ್ತಿಲ್ಲ ತಿಳ್ಕೊಂಡಿಯೇನ? ನಿಖಿಲಾ, ಕೇಳಿಲ್ಲೆ, ನಿನ್ನ ಹೇಂತಿ ನಿಮ್ಮಪ್ಪನ ಕುತ್ತಿಗಿಗೆ ಹಗ್ಗ ಹೊಸ್ಯಾಕತ್ತಾಳ!"

ನಿಖಿಲ ಫೋನಿನಿಂದ ತಲೆ ಎತ್ತಿದ. "ಖರೇನ?"

"ಅಜ್ಜಾರ ಹೇಳಿದ್ರು, ಬರದ್ನಿ."

"ಅಜ್ಜಾ ಬಾಂವಿಗೆ ಬೀಳ ಅಂದ್ರ ಬೀಳ್ತಿ?" ಅಂದ ಅವನು, ಮತ್ತು ಆ ವಾರವೆಲ್ಲಾ ಅವಳೊಡನೆ ಮಾತು ಬಿಟ್ಟ.

ಕಚೇರಿಯಿಂದ ಸಾಹೇಬರು ಮಾಳ ನೋಡಲು ಬರುವ ಹಿಂದಿನ ದಿನ ಜಿನೇಂದ್ರ ಸೊಸೆಯನ್ನು ಪಡಸಾಲೆಗೆ ಕರೆದ. ಮೆಲ್ಲಗೆ, ಮಗಳೊಡನೆ ಆಡುವಂತೆ ಮಾತಾಡಿದ. ಅವನ ಸಿಟ್ಟಿಗಿಂತ ಈ ಮೆಲುದನಿಗೆ ಮನೆಯಲ್ಲಿ ಹೆಚ್ಚು ಹೆದರುತ್ತಿದ್ದರು.

"ಕುಂಡ್ರವಾ. ಚಿಕ್ಕೋಡಿ ವಕೀಲರಿಗೆ ಆ ಅರ್ಜಿ ತೋರಿಸಿನಿ. ಓದಿ ನಕ್ಕಬಿಟ್ರು. ವಹಿವಾಟ ಅಂದ್ರ ಕನ್ನಡದಾಗ ಏನ?"

ಮೇಘಾಳಿಗೆ ಒಮ್ಮೆಲೇ ಹೊಳೆಯಿತು.

"ವ್ಯಾಪಾರ್ರಿ."

"ಹಾಂ. ನಾಳೆ ಬರೂ ಸಾಹೇಬ ದಕ್ಷಿಣದ ಕಡಿಯಾವ, ಹೊಸಾ ಮನಷ್ಯಾ. ನಮ್ಮ ಮಾತ ತಿಳಿಯಂಗಿಲ್ಲ, ಯಾರನ್ನರ ಕೇಳತಾನ. ನಿನ್ನ ಕೇಳತಾನ. ನೀ ಸುಳ್ಳ ಹೇಳೂದು ಬ್ಯಾಡ. ವಹಿವಾಟ ಅಂದ್ರ ವಹಿವಾಟ ಅನ್ನು. ಹೆಚ್ಚಿಂದು ಬ್ಯಾಡ."

ಆಮೇಲೆ ಕಿಸೆಯಿಂದ ಹೊಸ ಕೀಲಿಕೈಯೊಂದನ್ನು ತೆಗೆದು ಮಂಚದ ಮೇಲಿಟ್ಟ. "ಗೇಟಿಂದು. ಇದು ನಿನ್ನ ಸೊಂಟದಾಗ ಇರ್ಲಿ. ನೀ ಎಂದಾರ ಹೋಗು, ಎಂದಾರ ಬಾ. ಮಗದುಮ್ಮರ ಸೊಸಿಗೆ ಬ್ಯಾಡ ಅನ್ನಾವ್ರ ಯಾರು? ಒಲ್ಲೆ ಅಂದ್ರ..." ಎಂದು ಹೊರಗಿನ ರಸ್ತೆಯ ಕಡೆ ನೋಡಿದ. "ಹಾರೂಗೇರಿಗೆ ದಿನಕ್ಕ ನಾಕ ಬಸ್ಸ ಅದಾವ."

ಮೇಘಾ ಕೀಲಿಕೈ ಮುಟ್ಟಲಿಲ್ಲ. ಬಿಟ್ಟೂ ಬರಲಿಲ್ಲ. ಅತ್ತೆ ಚಹಾ ತರಲು ಕೂಗಿದಾಗ ಎದ್ದಳು, ಏಳುವಾಗ ಅದು ಅವಳ ಕೈಯಲ್ಲಿತ್ತು.

ಮರುದಿನ ಸಾಹೇಬರು ಜೀಪಿನಲ್ಲಿ ಬಂದರು. ಎಳೆ ವಯಸ್ಸಿನವರು, ಸಭ್ಯರು, ಬಿಸಿಲಿಗೆ ಮುಖ ಕೆಂಪಾಗಿತ್ತು. ಬನ್ನಿ ಮರದ ಕೆಳಗೆ ಕುರ್ಚಿ ಹಾಕಿದರು. ಮೂವತ್ತು ನಲವತ್ತು ಮಂದಿ ಸೇರಿದ್ದರು, ಅರ್ಧಕ್ಕರ್ಧ ಹೆಂಗಸರು. ಸರಿತಾ ಓಡುವ ಬೂಟು ಹಾಕಿಕೊಂಡೇ ಬಂದಿದ್ದಳು. ಅವಳ ತಾಯಿ ಸತ್ತೆವ್ವ ಎಲ್ಲರಿಗಿಂತ ಮುಂದೆ ನಿಂತಿದ್ದಳು.

ಸಾಹೇಬರು ಅರ್ಜಿ ಓದಿದರು. ಹುಬ್ಬು ಮೇಲೇರಿತು. "ಅಜ್ಜಾ, ಅರವತ್ತು ವರ್ಷದಿಂದ ಇಲ್ಲಿ ವಹಿವಾಟು ನಡೀತಿದೆ ಅಂತ ಬರೆದಿದ್ದೀರಿ. ನಿಜಾನಾ?"

"ಖರೇ ಐತ್ರಿ ಸಾಹೇಬ್ರ," ಅಂದರು ಅಜ್ಜ. ಕೋಲಿನ ಮೇಲೆ ಎರಡೂ ಕೈಯೂರಿ ನೆಟ್ಟಗೆ ನಿಂತಿದ್ದರು. "ದಿನಾ ಐತಿ. ಮುಂಜಾನಿ ಐತಿ, ಸಂಜೀಕ ಐತಿ."

"ಯಾರ್ಯಾರದು?"

"ಎಲ್ಲಾರದೂ ಐತ್ರಿ. ಹೆಚ್ಚಿಂದ ಹೆಣ್ಮಕ್ಕಳದ."

"ನಮ್ದೂ ಐತ್ರಿ ಸಾಹೇಬ್ರ!" ಎಂದಳು ಸತ್ತೆವ್ವ. "ನಾ ಇಲ್ಲಿಗೆ ಲಗ್ನಾ ಆಗಿ ಬಂದಾಗಿಂದ ಐತಿ. ಈಗ ನನ್ನ ಮಗಳದೂ ಐತಿ!" ಹಿಂದಿನಿಂದ ಹೆಂಗಸರೆಲ್ಲಾ ನಮ್ದೂ ಐತಿ, ನಮ್ದೂ ಐತಿ ಎಂದು ಕೂಗಿದರು. ಕೂಗಿದಷ್ಟೂ ಗೆದ್ದಂತೆ ಅವರಿಗೆ ಅನಿಸುತ್ತಿತ್ತು.

ಸಾಹೇಬರು ಇರಿಸುಮುರಿಸಾಗಿ ಸುತ್ತ ನೋಡಿದರು. ಜಿನೇಂದ್ರ ಮುಂದೆ ಬಂದು ಕೈ ಮುಗಿದ. "ಸಾಹೇಬ್ರ, ನಮ್ಮ ಸೊಸಿ ಓದಿದಾಕಿ ಅದಾಳ, ಕನ್ನಡ ಸಾಲ್ಯಾಗ. ಆಕೀನ ಕೇಳ್ರಿ."

"ಏನಮ್ಮಾ, ಇವರು ವಹಿವಾಟು ಅಂತಲೇ ಹೇಳ್ತಿರೋದಾ? ನಂಗೆ ಸರಿಯಾಗಿ ಕೇಳಿಸ್ತಾ?"

ಒಂದು ಮಾತು ಸಾಕಿತ್ತು. ನಡೆದಾಡೂದು ಅಂತ ಅರ್ಥ ಸರ್, ಅಂದಿದ್ದರೆ ಮುಗಿಯುತ್ತಿತ್ತು. ಮೇಘಾ ಅಜ್ಜನನ್ನು ನೋಡಿದಳು. ಪೊರೆ ಕಟ್ಟಿದ ಕಣ್ಣನ್ನು ಅವಳು ನಿಂತ ಕಡೆಗೆ ತಿರುಗಿಸಿ ನಗುತ್ತಿದ್ದರು, ಗೆದ್ದೆವವಾ ಎನ್ನುವಂತೆ. ಸರಿತಾ ದೂರದಿಂದ ಹೆಬ್ಬೆರಳು ಎತ್ತಿ ತೋರಿಸಿದಳು. ಮೇಘಾ ಮಾವನನ್ನು ನೋಡಲಿಲ್ಲ, ಅಗತ್ಯವಿರಲಿಲ್ಲ. ಕೀಲಿಕೈ ಸೊಂಟದಲ್ಲಿ ಒತ್ತುತ್ತಿತ್ತು.

"ಹೌದ್ರಿ ಸರ್," ಅಂದಳು. "ವಹಿವಾಟ ಅಂತಾರ."

ಸಾಹೇಬರು ಬರೆದುಕೊಂಡರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದೆ ಉಳಿಸಿಕೊಂಡ ಮಾತಿನಿಂದ ಹನ್ನೆರಡು ಎಕರೆ ಹೋದದ್ದನ್ನು ಯಾವ ಗಾದೆಯೂ ಹೇಳಿಲ್ಲ.

ಇಪ್ಪತ್ತು ದಿನಕ್ಕೆ ಆದೇಶ ಬಂತು. ಕನ್ನಡದ ಕಾಗದ, ಎಂದಿನಂತೆ ಮೇಘಾಳೇ ಓದಬೇಕು. ಜಿನೇಂದ್ರ ಬೇಕೆಂದೇ ಅಪ್ಪನ ಊಟದ ಹೊತ್ತಿಗೆ ಓದಿಸಿದ. ಅಂದು ಮಾತ್ರ ಗಂಗಾಳ ಸರಿಯಾದ ವೇಳೆಗೆ ಬಂದಿತ್ತು.

"ಸದರಿ ಜಮೀನಿನಲ್ಲಿ ಹೊರಗಿನವರು ಅನಧಿಕೃತವಾಗಿ ವ್ಯಾಪಾರ ವಹಿವಾಟು ನಡೆಸುತ್ತಿರುವುದಾಗಿ ಸ್ವತಃ ಅರ್ಜಿದಾರರೂ ಸ್ಥಳದಲ್ಲಿ ಹಾಜರಿದ್ದ ಸಾರ್ವಜನಿಕರೂ ಒಪ್ಪಿಕೊಂಡಿರುತ್ತಾರೆ. ಸಾರ್ವಜನಿಕ ಹಾದಿಯ ಅಥವಾ ಬಳಕೆಯ ಹಕ್ಕಿಗೆ ಯಾವುದೇ ಆಧಾರ ಕಂಡುಬಂದಿರುವುದಿಲ್ಲ. ಮಾಲೀಕರು ಬೇಲಿ ಹಾಕಿಕೊಳ್ಳಲು..."

"ವ್ಯಾಪಾರ?" ಅಂದರು ಅಜ್ಜ. "ವ್ಯಾಪಾರ ಅಂತ ಯಾರ ಅಂದ್ರು?"

"ನೀನ ಅಂದಿ," ಅಂದ ಜಿನೇಂದ್ರ. "ಊರ ಹೆಂಗಸರದೆಲ್ಲಾ ವಹಿವಾಟ ಐತಿ, ಮುಂಜಾನಿ ಸಂಜಿ ಐತಿ ಅಂತ ಹೊಯ್ಕೊಂಡಿ. ಸಾಹೇಬ್ರು ಬರ್ಕೊಂಡ್ರು."

ತ್ರಿಶಲಾ ಸೆರಗು ಬಾಯಿಗೊತ್ತಿ ನಕ್ಕಳು. ನಿಖಿಲನೂ ನಕ್ಕ. ಅಜ್ಜ ಗಂಗಾಳವನ್ನು ಹಿಂದಕ್ಕೆ ಸರಿಸಿದರು. ಈಗ ಅವರಿಗೆ ಎಲ್ಲಾ ತಿಳಿದಿತ್ತು.

"ಮೇಘಾ, ನಿನಗ ಎರಡೂ ಭಾಷಾ ಬರ್ತಿದ್ವಲ್ಲವಾ," ಅಂದರು.

ಅವಳು ಕಾಗದವನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ಅದೇ ಕೊನೆ, ಅಜ್ಜ ಅವಳನ್ನು ಮತ್ತೆ ಏನನ್ನೂ ಕೇಳಲಿಲ್ಲ. ಮಾಳಕ್ಕೆ ಹೋಗುವುದನ್ನೂ ಬಿಟ್ಟರು. ನನ್ನ ಹೊಲಕ್ಕ ನಾ ಗೇಟ ತಗಸ್ಕೊಂಡ ಹೋಗ್ಲಿ? ಅಂದರಂತೆ. ಅಂಗಳದಲ್ಲಿ ಹಾಕಿದ ಮಂಚ ಬಿಟ್ಟು ಏಳದಾದರು, ಎಡಗಾಲು ದಿನದಿನಕ್ಕೆ ಮರಗಟ್ಟಿತು. ಕಣ್ಣಿನ ಆಪರೇಷನ್ನನ್ನು ಜಿನೇಂದ್ರ ಬೇಸಿಗೆಗೆಂದು ಮುಂದೂಡಿದ. "ನೋಡೂದರ ಏನೈತಿ ಈಗ?" ಅಂದ.

ವಾರದೊಳಗೆ ತಂತಿ ನಿಂತಿತು, ಕಬ್ಬಿಣದ ಗೇಟು ನಿಂತಿತು. ಮೇಘಾ ಒಂದು ಸಂಜೆ ಕೀಲಿ ತೆಗೆದು ಒಳಗೆ ಹೋದಳು. ಬನ್ನಿ ಮರದವರೆಗೆ ನಡೆದಳು, ಬಿಳಿ ಕಲ್ಲಿನವರೆಗೆ ನಡೆದಳು. ಹನ್ನೆರಡು ಎಕರೆಯಲ್ಲಿ ಒಂದೇ ಒಂದು ಹೆಣ್ಣುಜೀವ. ತನ್ನ ಚಪ್ಪಲಿಯ ಸಪ್ಪಳ ತನಗೇ ಕೇಳಿಸಿ ಹೆದರಿಕೆ ಬಂತು. ತಂತಿಯಾಚೆ ಸರಿತಾ ನಿಂತಿದ್ದಳು.

"ಒಳಗ ಬಾ ಸರಿತಾ. ನನ್ನ ಕಡೆ ಕೀಲಿ ಐತಿ."

"ಬ್ಯಾಡ್ರಿ. ನಮ್ಮದು ವ್ಯಾಪಾರ ಅಂತ ಬರಸೀರಲ್ಲ. ವ್ಯಾಪಾರದವರು ಒಳಗ ಬರಬಾರದು."

"ನಾ ಬರಸಿಲ್ಲ. ನಾ ಬರೇ ಹೌದು ಅಂದ್ನಿ."

"ನಮ್ಮ ಓಣ್ಯಾಗ ಗಂಡಸರು ಈಗ ಹೆಂಗ ನಗ್ತಾರ ಗೊತ್ತೈತೇನ್ರಿ? ಇವತ್ತ ವಹಿವಾಟ ಹೆಂಗಾತು ಅಂತ ಕೇಳ್ತಾರ. ನಮ್ಮವ್ವ ಹೊರಗ ಬರೂದ ಬಿಟ್ಟಾಳ." ಸರಿತಾ ಬೂಟಿನ ಲಾಡಿ ಬಿಗಿದಳು. "ಟೈಮ ಹಿಡ್ಯಾಕ ನೀವ ಬ್ಯಾಡ್ರಿ. ನಾನ ಹಿಡ್ಕೊಂತೀನಿ."

ಅವಳು ಡಾಂಬರು ರಸ್ತೆಯಲ್ಲಿ ಓಡತೊಡಗಿದಳು. ಕಬ್ಬಿನ ಹಂಗಾಮು. ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು, ರಸ್ತೆಯ ತುಂಬ ಅತ್ತಿತ್ತ ತೂಗುತ್ತ ಹೋಗುವ ದಿನಗಳು. ಡಿಸೆಂಬರಿನ ಕೊನೆಗೆ ಒಂದು ಬೆಳಿಗ್ಗೆ ಹಿಂದಿನ ಟ್ರಾಲಿ ಅವಳಿಗೆ ಬಡಿದು ಚರಂಡಿಗೆ ಕೆಡವಿತು. ಮುಂದೆ ಟ್ರ್ಯಾಕ್ಟರು ನಡೆಸುತ್ತಿದ್ದವನಿಗೆ ಹಾಡಿನ ಗದ್ದಲದಲ್ಲಿ ಗೊತ್ತಾಗಲೂ ಇಲ್ಲ. ಕಣಕಾಲಿನ ಎಲುಬು ಎರಡು ಕಡೆ ಮುರಿಯಿತು. ಓಟದ ಪರೀಕ್ಷೆಗೆ ಇನ್ನು ಹದಿನಾರು ದಿನ ಉಳಿದಿದ್ದವು.

ಮೇಘಾ ಒಂದು ಡಬ್ಬಿ ತುಪ್ಪ ಕಟ್ಟಿಕೊಂಡು ಅವರ ಓಣಿಗೆ ಹೋದಳು. ಸತ್ತೆವ್ವ ಬಾಗಿಲಲ್ಲೇ ಅಡ್ಡ ನಿಂತಳು.

"ಒಂದ ಸಲ ನೋಡಿ ಹೊಕ್ಕೀನಿ ಸತ್ತೆವ್ವಾ."

ಸತ್ತೆವ್ವ ಅವಳ ಸೊಂಟದ ಕಡೆ ನೋಡಿದಳು. "ನಿಮ್ಮ ಕೀಲಿ ಈ ಬಾಗಿಲಕ್ಕ ಹತ್ತಂಗಿಲ್ರಿ ವೈನಿ," ಅಂದಳು, ಮತ್ತು ಬಾಗಿಲು ಹಾಕಿಕೊಂಡಳು. ತುಪ್ಪದ ಡಬ್ಬಿ ತಿರುಗಿ ಮನೆಗೆ ಬಂತು. ತ್ರಿಶಲಾ ಅದನ್ನು ಕೈಯಲ್ಲಿ ತೂಗಿ ನೋಡಿ ಮಾಡದಲ್ಲಿಟ್ಟಳು.

ಜನವರಿಯಲ್ಲಿ ಸೀತನಿ ಪಾರ್ಟಿ ಭರ್ಜರಿಯಾಗಿ ಶುರುವಾಯಿತು. ಶುಕ್ರವಾರ, ಶನಿವಾರ, ರವಿವಾರ. ಬಿಳಿ ಕಲ್ಲಿನ ಹತ್ತಿರ ಬಣ್ಣದ ಕಟ್ಟೆ ಕಟ್ಟಿ, ಅದರ ಮೇಲೆ ಸೂರ್ಯ ಮುಳುಗುವ ಚಿತ್ರ ಬರೆಸಿದ್ದರು, ಎದುರಿಗೆ ನಿಜವಾದವನು ದಿನಾ ಮುಳುಗುತ್ತಿದ್ದರೂ. ಬನ್ನಿ ಮರದ ಕೆಳಗೆ ಮೂರು ಒಲೆ ಹೂಡಿ ಮೇಘಾಳನ್ನು ರೊಟ್ಟಿ ಬಡಿಯಲು ಕೂರಿಸಿದ್ದರು. ಇಳಕಲ್ ಸೀರೆ, ಮೂಗಿಗೆ ದೊಡ್ಡ ನತ್ತು. ಬಂದವರಿಗೆ ಹಳ್ಳಿಯ ಸೊಸೆ ಕಾಣಬೇಕೆಂದು ನಿಖಿಲನ ಆಸೆ. ಮಾಳಕ್ಕೆ ಎಂದಾದರೂ ಹೋಗು, ಎಂದಾದರೂ ಬಾ ಎಂದಿದ್ದ ಮಾವನ ಮಾತಿನಲ್ಲಿ ಅರ್ಧ ಮಾತ್ರ ನಡೆಯಿತು. ಹೋಗುವುದಿತ್ತು, ಬರುವುದು ಇರಲಿಲ್ಲ.

ಅಜ್ಜನ ಊಟ ಆ ಮೂರು ದಿನ ಯಾರ ನೆನಪಿಗೂ ಬರುತ್ತಿರಲಿಲ್ಲ. ಈಗ ತ್ರಿಶಲಾಳಿಗೆ ಹಟವೂ ಇರಲಿಲ್ಲ, ಬಿಡುವಿರಲಿಲ್ಲ ಅಷ್ಟೇ. ಅದು ಹಟಕ್ಕಿಂತ ಕೆಟ್ಟದ್ದು. ಮೂರನೆಯ ರವಿವಾರ ಬಂದಾಗ ಅಜ್ಜ ಎರಡು ಸಂಜೆ ಉಂಡಿರಲಿಲ್ಲ, ಅಂದು ಮಧ್ಯಾಹ್ನವೂ ಒಂದು ಲೋಟ ಮಜ್ಜಿಗೆ ಕುಡಿದು ಬಿದ್ದುಕೊಂಡಿದ್ದರು.

"ಅತ್ತೀ, ಅಜ್ಜಾರಿಗೆ ಊಟಾ ಕೊಟ್ಟ ಬರ್ತೀನ್ರಿ. ಹೊತ್ತ ಇಳ್ಯಾಕತ್ತೈತಿ."

"ಹೋಗೀಯಂತ. ಈ ಬಾಯಾರಿಗೆ ಒಂದ ರೊಟ್ಟಿ ಬಡದ ತೋರ್ಸು."

ಕೊಲ್ಲಾಪುರದಿಂದ ಬಂದಿದ್ದ ಹೆಂಗಸೊಬ್ಬರು ಫೋನು ಹಿಡಿದು ನಿಂತಿದ್ದರು. "ವಹಿನಿ, ಇನ್ನೊಂದ. ಮುಖಾ ಮ್ಯಾಲ ಎತ್ತರಿ, ನಗರಿ." ಮೇಘಾ ನಕ್ಕಳು. ಒಂದು ರೊಟ್ಟಿ ಐದಾದವು, ಐದು ಹತ್ತಾದವು. ಅರವತ್ತು ಮಂದಿ ಕಟ್ಟೆಯ ಮೇಲೆ ಪಡುವಣಕ್ಕೆ ಮುಖ ಮಾಡಿ ನಿಂತಿದ್ದರು. ಸೂರ್ಯ ಕಬ್ಬಿನ ಸೂಲಂಗಿಗೆ ತಾಗಿದ. ಅವಳು ಗಂಗಾಳದ ಮೇಲೆ ಬಟ್ಟೆ ಮುಚ್ಚಿ ಓಡಿದಳು. ಗೇಟಿನ ಕೀಲಿ ತೆಗೆಯುವಾಗ ಅವಸರದಲ್ಲಿ ಎರಡು ಸಲ ತಪ್ಪಿತು. ಹಾದಿಯುದ್ದಕ್ಕೂ ಕಬ್ಬು, ಸೂರ್ಯ ಕಾಣಲಿಲ್ಲ. ಅಂಗಳಕ್ಕೆ ಬಂದು ತಿರುಗಿ ನೋಡಿದರೆ ಮುಳುಗಿಯಾಗಿತ್ತು. ಕೆಂಪು ಮಾತ್ರ ಉಳಿದಿತ್ತು.

ಅಜ್ಜ ಕೈಕಾಲು ತೊಳೆದುಕೊಂಡು ಮಂಚದ ಮೇಲೆ ಪಡುವಣಕ್ಕೆ ಮುಖ ಮಾಡಿ ಕೂತಿದ್ದರು. ಕೆನ್ನೆ ಒಳಗೆ ಹೋಗಿದ್ದವು.

"ಯಾರು? ಮೇಘಾ?"

"ಹೂಂನ್ರಿ ಅಜ್ಜಾರ. ಊಟಾ ತಂದೀನಿ."

"ಹೊತ್ತ ಐತೇನವಾ? ಕೆಂಪಗ ಕಾಣ್ತೈತಿ. ಮುಳಗೇತೋ ಇನ್ನಾ ಐತೋ, ನನಗ ತಿಳಿವಲ್ದು."

ಆದೇಶ ಓದಿದ ದಿನದ ಮೇಲೆ ಮೊದಲ ಸಲ ಅಜ್ಜ ಅವಳನ್ನು ಏನೋ ಒಂದು ಕೇಳಿದ್ದರು.

"ಐತ್ರಿ," ಅಂದಳು. "ಇನ್ನಾ ಮುಳುಗಿಲ್ಲ. ಲಗೂ ಉಣ್ಣ್ರಿ."

ಅಜ್ಜ ಕೈ ಮುಗಿದರು. ರೊಟ್ಟಿ ಮುರಿದು, ಬೇಳೆಯಲ್ಲಿ ಅದ್ದಿ ಬಾಯಿಗಿಟ್ಟರು. ಹಸಿದ ಮಕ್ಕಳಂತೆ ಅವಸರದಿಂದ ಎರಡನೆಯ ತುತ್ತು ತಿಂದರು. ಮೇಘಾ ನೆಲದ ಮೇಲೆ ಕೂತು ಬೆರಳಿನಿಂದ ತು‍ಪ್ಪ ಸವರಿ ಕೊಟ್ಟಳು. ಎಷ್ಟೋ ದಿನದ ಮೇಲೆ ಅವಳ ಎದೆ ಹಗುರಾಯಿತು. ಮೂರನೆಯ ತುತ್ತು ಬಾಯಿಗೆ ಹೋಯಿತು.

ಆಗ ಮಾಳದಿಂದ ಮೈಕು ಗುರುಗುಟ್ಟಿತು. ನಿಖಿಲನ ದನಿ ಕಬ್ಬಿನ ಮೇಲೆ ಹಾಸಿಕೊಂಡು ಬಂತು.

"ಮಂಡಳಿ, ಸೂರ್ಯಾಸ್ತ ಮುಗದ ಐದ ಮಿನಿಟ ಆತ್ರಿ! ಎಲ್ಲಾರೂ ಭಾಳ ಚಲೋ ನೋಡೀರಿ! ಈಗ ಊಟಕ್ಕ ಬರ್ರಿ, ಬರ್ರಿ!"

ಚಪ್ಪಾಳೆ ಕೇಳಿಸಿತು. ಅಜ್ಜ ಅಗಿಯುವುದನ್ನು ನಿಲ್ಲಿಸಿದರು. ಬಾಯಲ್ಲಿದ್ದುದನ್ನು ಅಂಗೈಗೆ ಉಗುಳಿ ಗಂಗಾಳದ ಅಂಚಿಗಿಟ್ಟರು. ಧೋತರದ ಚುಂಗಿನಿಂದ ತುಟಿ ಒರೆಸಿಕೊಂಡರು. ನುಂಗಿದ ಎರಡು ತುತ್ತಿಗೆ ಏನು ಮಾಡುವುದೆಂದು ತಿಳಿಯದೆ ಎದೆಯ ಮೇಲೆ ಕೈಯಿಟ್ಟುಕೊಂಡು ಕೂತರು.

"ಅಜ್ಜಾರ..."

"ಅವತ್ತ ಬಾಯಿ ತಗದಿದ್ರ ಮಾಳ ಉಳೀತಿತ್ತು," ಅಂದರು ಅಜ್ಜ. "ಇವತ್ತ ಮುಚ್ಚಿದ್ರ ನನ್ನ ನೇಮ ಉಳೀತಿತ್ತು. ತಗೊಂಡ ಹೋಗು."

ಗೋಡೆಯ ಕಡೆ ಹೊರಳಿ ಮಲಗಿದರು.

ಮೇಘಾ ಗಂಗಾಳ ಎತ್ತಿಕೊಂಡು ಬಂದ ದಾರಿಯಲ್ಲೇ ತಿರುಗಿದಳು. ಗೇಟು ತೆಗೆದು ಒಳಗೆ ಬಂದು ಕೀಲಿ ಹಾಕಿದಳು. ಬನ್ನಿ ಮರದ ಕೆಳಗೆ ಬಣ್ಣದ ದೀಪ ಹತ್ತಿದ್ದವು, ಮಂದಿ ಸಾಲಾಗಿ ಕೂತಿದ್ದರು. ತ್ರಿಶಲಾ ಗಂಗಾಳದ ಬಟ್ಟೆ ಎತ್ತಿ ನೋಡಿದಳು.

"ಉಂಡಾರಲ್ಲ! ಹೊತ್ತ ಮುಳಗಿದ ಮ್ಯಾಲ! ನಾ ಹೇಳ್ತಿದ್ನಿಲ್ಲ, ಹಸಿವಿ ಕಚ್ಚಿದ್ರ ನೇಮಾ ಗೀಮಾ ಏನೂ ಉಳಿಯಂಗಿಲ್ಲ ಅಂತ? ತಾವ ಕೇಳಿ ಉಂಡ್ರ?"

ಒಲೆಯ ಮೇಲೆ ಹಂಚು ಕಾದು ಹೊಗೆಯಾಡುತ್ತಿತ್ತು. ಅರವತ್ತು ಮಂದಿ ರೊಟ್ಟಿಗೆ ಕಾದಿದ್ದರು.

"ಹೌದ್ರಿ," ಅಂದಳು ಮೇಘಾ, ಮತ್ತು ಹಿಟ್ಟಿನ ಮುದ್ದೆ ಮುರಿದುಕೊಂಡು ಕೂತಳು.